ಪ್ರೊಜೆಕ್ಟರ್ ಫ್ಯಾನಿನ ಬಾಯಿ ಕಟ್ಟಬೇಡಿ, ಅದರ ಬಿಸಿ ಇಳಿಸಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಮನೇಲೇ ಥಿಯೇಟರ್ ಮಾಡ್ಕೊಳೋದ್ರ ಬಗ್ಗೆ ಬಂದಿದ್ದ ಬರಹ ಓದಿದೆ. ಲ್ಯುಮೆನ್ಸ್ (ಅಂದ್ರೆ ಬೆಳಕಿನ ಅಳತೆ) ಎಷ್ಟಿರ್ಬೇಕು, ಪರದೆ ಎಷ್ಟು ದೊಡ್ಡದಿರ್ಬೇಕು, ಸ್ಪೀಕರ್ ಎಲ್ಲಿಡ್ಬೇಕು ಎಲ್ಲಾ ಚೆನ್ನಾಗಿ ಬರ್ದಿದ್ರು, ಆದ್ರೆ ಪ್ರೊಜೆಕ್ಟರ್ ಫ್ಯಾನ್ ಸದ್ದಿನ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಆ ಸದ್ದಿನ ಜೊತೆ ನಾನು ಹೆಚ್ಚುಕಮ್ಮಿ ಎರಡು ವರ್ಷ ಗುದ್ದಾಡಿದೀನಿ, ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಹಾಕಿ.

ನಮ್ಮನೇಲಿ ಪ್ರೊಜೆಕ್ಟರ್ ತಂದಿದ್ದು ಅಪ್ಪನಿಗೋಸ್ಕರ. ವಯಸ್ಸು 78, ಎರಡೂ ಕಿವಿಗೆ ಹಿಯರಿಂಗ್ ಏಡ್, ಹಳೇ ಕಪ್ಪು ಬಿಳುಪು ಪಿಚ್ಚರ್ ಅಂದ್ರೆ ಪ್ರಾಣ. ಯುಗಾದಿ ಹೊತ್ತಿಗೆ ಹಾಲ್‌ನಲ್ಲಿ ಹಾಕಿಸಿದ್ವಿ, ಸೋಫಾ ಹಿಂದಿನ ಗೋಡೆಗೆ ಸ್ಟ್ಯಾಂಡ್, ಅಪ್ಪ ಕೂತ್ರೆ ತಲೆಯಿಂದ ಒಂದೂವರೆ ಮೊಳ ಮೇಲೆ ಪ್ರೊಜೆಕ್ಟರ್. ಮೊದಲ್ನೇ ದಿನ ಹತ್ತು ನಿಮಿಷ ನೋಡಿ "ಚಿತ್ರ ಚೆನ್ನಾಗಿದೆ, ಆದ್ರೆ ಹಿಂದೆ ಮಳೆ ಹುಯ್ದಂಗೆ ಕೇಳ್ತದೆ, ಮಾತೇ ಕೇಳಲ್ಲ" ಅಂದ್ರು. ಹಿಯರಿಂಗ್ ಏಡ್ ಮಾತನ್ನ ದೊಡ್ಡದು ಮಾಡ್ದಂಗೆ ಫ್ಯಾನ್ ಸದ್ದನ್ನೂ ದೊಡ್ಡದು ಮಾಡುತ್ತೆ, ಅದೂ ತಲೆ ಹತ್ರಾನೇ ಇದ್ರೆ ಕೇಳೋದೇ ಬೇಡ. ನಾವು ವಾಲ್ಯೂಮ್ ಏರಿಸಿದ್ವಿ, ಹಾಡು ಬಂದ ತಕ್ಷಣ ಮನೆಯೆಲ್ಲಾ ಗಡಗಡ, ಮತ್ತೆ ಇಳಿಸಿದ್ವಿ, ಹಿಂಗೇ ನಡೀತು. ಒಂದಿನ ನೋಡ್ತೀನಿ, ಅಪ್ಪ ಎರಡೂ ಮಿಷನ್ ಕಿವಿಯಿಂದ ತೆಗೆದು ಅಂಗಿ ಜೇಬಲ್ಲಿ ಹಾಕ್ಕೊಂಡು ಸುಮ್ನೆ ಚಿತ್ರ ನೋಡ್ತಾ ಕೂತಿದಾರೆ. ನನಗೆ ಹೊಟ್ಟೇಲಿ ಸಂಕಟ ಆಯ್ತು.

ಅಂಗಡಿಯವ್ರಿಗೆ ಫೋನ್ ಮಾಡ್ದೆ. "ಎಲ್ಲಾ ಪ್ರೊಜೆಕ್ಟರೂ ಹಂಗೇ ಸಾರ್, ಅಭ್ಯಾಸ ಆಗುತ್ತೆ" ಅಂದ್ರು. ಈ ಮಾತನ್ನ ನಾನು ಒಪ್ಪಲ್ಲ. ಆ ಸದ್ದನ್ನ ಅರ್ಧಕ್ಕರ್ಧ ಇಳಿಸ್ಬಹುದು, ದುಡ್ಡು ಖರ್ಚು ಮಾಡ್ದೆನೂ ಇಳಿಸ್ಬಹುದು, ಆದ್ರೆ ಫ್ಯಾನ್ ಯಾಕೆ ಅಷ್ಟು ಜೋರಾಗಿ ತಿರುಗ್ತಿದೆ ಅಂತ ಮೊದಲು ತಿಳ್ಕೋಬೇಕು.

ನಮ್ಮದು ಲ್ಯಾಂಪ್ ಇರೋ ಪ್ರೊಜೆಕ್ಟರ್. ಒಳಗಿರೋದು ಹೈ ಪ್ರೆಶರ್ ಮರ್ಕ್ಯುರಿ ಲ್ಯಾಂಪ್, ಈ ಜಾತಿ ಲ್ಯಾಂಪ್ 200ರಿಂದ 300 ವ್ಯಾಟ್ ತಿನ್ನುತ್ತೆ, ಉರಿಯುವಾಗ ಒಳಗಿನ ಒತ್ತಡ ನಮ್ಮ ಸುತ್ತಲ ಗಾಳಿ ಒತ್ತಡದ ಸುಮಾರು 200 ಪಟ್ಟು, ಸಣ್ಣ ಗೋಲಿ ಗಾತ್ರದ ಆ ಗಾಜು ನೂರಾರು ಡಿಗ್ರಿ ಕಾದಿರುತ್ತೆ. ಪರದೆ ಮೇಲೆ ಬೆಳಕಾಗಿ ಹೋಗೋದು ಅದರಲ್ಲಿ ಸ್ವಲ್ಪಾನೇ, ಉಳಿದಿದ್ದೆಲ್ಲಾ ಬಿಸಿ. ಆ ಬಿಸೀನ ಹೊರಗೆ ಹಾಕೋಕೇ ಫ್ಯಾನ್ ಇರೋದು. ಲೇಸರ್, ಎಲ್‌ಇಡಿ ಪ್ರೊಜೆಕ್ಟರ್ ತಗೊಂಡ್ರೆ ಲ್ಯಾಂಪ್ ಬದಲಾಯಿಸೋ ಗೋಳು ತಪ್ಪುತ್ತೆ, ಆದ್ರೆ ಬಿಸಿ ಅಲ್ಲೂ ಇದೆ, ಫ್ಯಾನ್ ಅಲ್ಲೂ ಇದೆ. ಬಿಸಿ ಕಮ್ಮಿ ಆದ್ರೆ, ಗಾಳಿ ಸಲೀಸಾಗಿ ಹೋಗಿಬಂದ್ರೆ, ಫ್ಯಾನ್ ತಾನಾಗೇ ನಿಧಾನ ಆಗುತ್ತೆ. ಫ್ಯಾನಿನ ಸ್ಪೀಡ್ ಅರ್ಧಕ್ಕೆ ಇಳಿದ್ರೆ ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತೆ, 10 ಡೆಸಿಬಲ್ ಇಳಿದ್ರೇನೇ ಕಿವಿಗೆ ಅರ್ಧ ಆದಂಗೆ ಅನ್ಸುತ್ತೆ, ಹಂಗಾಗಿ ಸ್ಪೀಡ್ ಸ್ವಲ್ಪ ತಗ್ಗಿದ್ರೂ ಲಾಭ ದೊಡ್ಡದು.

ನಮ್ಮನೇಲಿ ಮೊದಲು ಸಿಕ್ಕ ಕಳ್ಳ ಮೆನುವಿನಲ್ಲೇ ಕೂತಿದ್ದ. ಒಂದು ರಾತ್ರಿ ರಿಮೋಟ್ ಹಿಡ್ಕೊಂಡು ಸೆಟ್ಟಿಂಗ್ ಒಂದೊಂದೇ ನೋಡ್ತಾ ಹೋದೆ, ಕೊನೇಲಿ 'ಹೈ ಆಲ್ಟಿಟ್ಯೂಡ್ ಮೋಡ್: ಆನ್' ಅಂತ ಇತ್ತು. ಅಂದ್ರೆ ಎತ್ತರದ ಬೆಟ್ಟದ ಊರುಗಳಿಗೆ ಇರೋ ಸೆಟ್ಟಿಂಗ್, ಅಲ್ಲಿ ಗಾಳಿ ತೆಳು, ತೆಳು ಗಾಳಿ ಬಿಸಿ ಹೊತ್ಕೊಂಡು ಹೋಗೋದು ಕಮ್ಮಿ, ಅದಕ್ಕೆ ಫ್ಯಾನನ್ನ ಜೋರಾಗಿ ಓಡಿಸುತ್ತೆ. ಮ್ಯಾನ್ಯುಯಲ್ ತೆಗೆದು ನೋಡಿದ್ರೆ 1500 ಮೀಟರ್‌ಗಿಂತ ಮೇಲಿದ್ರೆ ಮಾತ್ರ ಆನ್ ಮಾಡಿ ಅಂತ ಸ್ಪಷ್ಟವಾಗಿ ಬರ್ದಿದೆ. ನಮ್ಮ ದಾವಣಗೆರೆ ಇರೋದು ಸುಮಾರು 600 ಮೀಟರ್‌ನಲ್ಲಿ! ಬೆಂಗಳೂರು 900 ಚಿಲ್ಲರೆ, ಮಡಿಕೇರಿನೂ 1200 ದಾಟಲ್ಲ. ಊಟಿಲಿ ಮನೆ ಇದ್ರೆ ಬೇಕು, ಅದು 2200 ಮೀಟರ್ ಮೇಲಿದೆ. ಕರ್ನಾಟಕದ ಊರುಗಳಲ್ಲಿ ಇರೋರಿಗೆ ಈ ಸೆಟ್ಟಿಂಗ್ ಬೇಕಾಗೋದೇ ಇಲ್ಲ ಅನ್ಬಹುದು. ಹಾಕಿದ ಹುಡುಗ ತಿಳೀದೇ ಒತ್ತಿದ್ನೋ ಏನೋ ಗೊತ್ತಿಲ್ಲ, ನಾನು ಆಫ್ ಮಾಡಿ ಒಂದು ನಿಮಿಷ ಕಾದೆ, ಮಿಕ್ಸಿ ನಿಲ್ಲಿಸಿದಾಗ ಅಡುಗೆಮನೆ ಹೆಂಗೆ ನಿಶ್ಶಬ್ದ ಆಗುತ್ತೋ ಹಂಗೆ ಹಾಲ್ ಸುಮ್ಮನಾಯ್ತು. ಈ ಪತ್ರ ಓದೋರು ಬೇರೇನೂ ಮಾಡದಿದ್ರೂ ಇವತ್ತು ಸಂಜೆ ಇದೊಂದನ್ನ ತೆಗೆದು ನೋಡಿ.

ಆಮೇಲೆ ಫಿಲ್ಟರ್. ನಮ್ಮನೆ ಮಂಡಕ್ಕಿ ಭಟ್ಟಿಗಳ ಕಡೆ ಇರೋದು, ಹೊಗೆ ಧೂಳು ಎರಡೂ ಬರುತ್ತೆ, ಜೊತೆಗೆ ಹಾಲ್‌ಗೆ ಅಂಟ್ಕೊಂಡೇ ಅಡುಗೆಮನೆ, ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ. ಪಕ್ಕದ ಮುಚ್ಚಳ ಎಳೆದ್ರೆ ಫಿಲ್ಟರ್ ಮೇಲೆ ಕಂಬಳಿ ತುಂಡು ಅಂಟಿಸಿದಂಗೆ ಬೂದು ಬಣ್ಣದ ಪದರ, ಎಣ್ಣೆ ಜಿಡ್ಡು ಸೇರಿ ಗಟ್ಟಿಯಾಗಿ ಕೂತಿತ್ತು, ಉಗುರಲ್ಲಿ ಎತ್ತಿದ್ರೆ ಚಕ್ಕೆ ಚಕ್ಕೆ ಎದ್ದು ಬಂತು. ಗಾಳಿ ಒಳಗೆ ಹೋಗೋಕೆ ದಾರೀನೇ ಇಲ್ಲ, ಒಳಗೆ ಬಿಸಿ ಏರುತ್ತೆ, ಫ್ಯಾನ್ ಇನ್ನೂ ಜೋರಾಗುತ್ತೆ. ಪ್ರೊಜೆಕ್ಟರ್ ಆಫ್ ಮಾಡಿ, ಪೂರ್ತಿ ತಣ್ಣಗಾದ್ಮೇಲೆ, ಮೆತ್ತನೆ ಬ್ರಷ್ ಇಲ್ಲಾ ವ್ಯಾಕ್ಯೂಮ್‌ನಲ್ಲಿ ತೆಗೀರಿ, ನೀರಲ್ಲಿ ತೊಳೀಬಹುದಾ ಅಂತ ಮ್ಯಾನ್ಯುಯಲ್ ನೋಡಿ, ಕೆಲವು ಫಿಲ್ಟರ್ ನೀರು ತಾಗಿದ್ರೆ ಹಾಳು. ನಮ್ಮದು ತೀರಾ ಹೋಗಿತ್ತು, ಹೊಸದು ತರಿಸಿದ್ವಿ. ಈಗ ತಿಂಗಳಿಗೊಂದ್ಸಲ ಅಮಾವಾಸ್ಯೆ ದಿನ ಮನೆ ತೊಳೆಯೋವಾಗ ಅದನ್ನೂ ತೆಗೆದು ನೋಡ್ತೀವಿ.

ಲ್ಯಾಂಪಿನ ಪವರ್ ಇಳಿಸೋ ಇಕೋ ಮೋಡ್ ಎಲ್ಲರಿಗೂ ಗೊತ್ತು, ಆದ್ರೆ ಚಿತ್ರ ಮಂಕಾಗುತ್ತೆ ಅಂತ ಯಾರೂ ಹಾಕಲ್ಲ. ಇದಕ್ಕೊಂದು ಲೆಕ್ಕ ಇದೆ. ನಮ್ಮ ಪರದೆ ಮೊದಲು ಮೂಲೆಯಿಂದ ಮೂಲೆಗೆ 120 ಇಂಚು ತುಂಬಿಸ್ತಿದ್ವಿ, 100 ಇಂಚಿಗೆ ಹೋಲಿಸಿದ್ರೆ ಅದು 44 ಪರ್ಸೆಂಟ್ ಜಾಸ್ತಿ ಜಾಗ. ಇಕೋದಲ್ಲಿ ಬೆಳಕು 30 ಪರ್ಸೆಂಟ್ ಹೋಯ್ತು ಅಂದ್ಕೊಳ್ಳಿ, ಲೆನ್ಸಿನ ಝೂಮ್ ತಿರುಗಿಸಿ ಚಿತ್ರಾನ 100 ಇಂಚಿಗೆ ಇಳಿಸಿದ್ರೆ ಹೋಗಿದ್ದು ವಾಪಸ್ ಬಂದಂಗೇ, ಪರದೆ ಮೇಲಿನ ಹೊಳಪು ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತೆ. ನಮ್ಮ ಹಾಲ್‌ಗೆ 100 ಇಂಚು ಧಾರಾಳ ಆಯ್ತು. ಲ್ಯಾಂಪ್ ಬಾಳಿಕೆನೂ ಜಾಸ್ತಿ, ಕರೆಂಟೂ ಉಳೀತು.

ಇಷ್ಟಾದ್ಮೇಲೂ ಒಂದು ಗುಂಯ್ ಅನ್ನೋ ಸದ್ದು ಉಳ್ಕೊಂಡಿತ್ತು, ಅದು ಫ್ಯಾನಿಂದೇ ಅಲ್ಲ, ನಡುಕದ್ದು. ಸ್ಟ್ಯಾಂಡಿನ ಸ್ಕ್ರೂ ಗೋಡೆಗೆ ಬಿಗಿಯಾಗಿ ಕೂತಿದ್ರೆ ಗೋಡೆನೂ ಅದರ ಜೊತೆ ಹಾಡುತ್ತೆ, ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ನೇತು ಹಾಕಿದ್ರಂತೂ ತಮಟೆಗೆ ಕಟ್ಟಿದಂಗೆ. ನಡುವೆ ದಪ್ಪ ರಬ್ಬರ್ ವಾಷರ್ ಹಾಕಿಸ್ದೆ, ಹೋಯ್ತು. ಸೋಫಾನ ಎರಡು ಹೆಜ್ಜೆ ಮುಂದೆ ಎಳೆದ್ವಿ. ಬಯಲಲ್ಲಾದ್ರೆ ದೂರ ಎರಡರಷ್ಟಾದ್ರೆ 6 ಡೆಸಿಬಲ್ ಇಳಿಯುತ್ತೆ, ಮನೆಯೊಳಗೆ ಟೈಲ್ಸು ಗೋಡೆ ಎಲ್ಲಾ ಸದ್ದನ್ನ ವಾಪಸ್ ಎಸೆಯೋದ್ರಿಂದ ಅಷ್ಟು ಸಿಗಲ್ಲ, ಅದಕ್ಕೆ ಅಜ್ಜಿ ಕಾಲದ ನವಲಗುಂದದ ಜಮಖಾನ ಬೀರುವಿಂದ ತೆಗೆದು ಹಾಸಿದ್ವಿ, ಕಿಟಕಿಗೆ ದಪ್ಪ ಪರದೆ ಬಿಟ್ವಿ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸಿ ಅಂತ ಬಹಳ ಜನ ಹೇಳಿದ್ರು, ಬೇಡ, ಅದು ಸದ್ದು ಹೀರೋದು ಅಷ್ಟಕ್ಕಷ್ಟೇ, ಬೆಂಕಿ ಮಾತ್ರ ಬೇಗ ಹಿಡಿಯುತ್ತೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು. ನಮ್ಮ ಸಂಬಂಧಿಕರೊಬ್ರು ಇದೇ ಸದ್ದಿಗೆ ಬೇಸತ್ತು, ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆಲ್ಲಾ ಸೋಫಾ ಸ್ಪಾಂಜ್ ಅಂಟಿಸಿ, ಲೆನ್ಸಿಗೊಂದು ತೂತು ಬಿಟ್ಟು ಪ್ರೊಜೆಕ್ಟರನ್ನ ಅದರೊಳಗೆ ಕೂರ್ಸಿದ್ರು. ಅರ್ಧ ಗಂಟೇಲಿ ಟೆಂಪರೇಚರ್ ಲೈಟ್ ಕೆಂಪಾಗಿ ತಾನೇ ಆಫ್ ಆಯ್ತು. ಅವ್ರು ಕೆಟ್ಟೋಯ್ತು ಅಂದ್ಕೊಂಡು ಮತ್ತೆ ಮತ್ತೆ ಆನ್ ಮಾಡಿದಾರೆ, ಏಪ್ರಿಲ್ ತಿಂಗಳು, ಹೊರಗೇ 38 ಡಿಗ್ರಿ, ಮೂರನೇ ದಿನ ಪಟ್ ಅಂತ ಲ್ಯಾಂಪ್ ಒಡೀತು. ನಾನು ಹೋಗಿ ನೋಡ್ದಾಗ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಪುಡಿಪುಡಿ ಆಗ್ತಿತ್ತು. ಆ ಲ್ಯಾಂಪಲ್ಲಿ ಪಾದರಸ ಇರುತ್ತೆ, ಒಡೆದ್ರೆ ಕಿಟಕಿ ತೆಗೆದು ಮಕ್ಕಳನ್ನ ಆಚೆ ಕಳಿಸ್ಬೇಕು, ಅವ್ರು ಪೊರಕೆ ತಗೊಂಡು ಗುಡಿಸಿದ್ರು. ಮನೇಗೆ ಬೆಂಕಿ ಬೀಳದೇ ಇದ್ದಿದ್ದು ದೇವ್ರ ದಯೆ.

ಪೆಟ್ಟಿಗೆ ಮಾಡಲೇಬಾರ್ದು ಅಂತಲ್ಲ. ಮಾಡಿದ್ರೆ ಗಾಳಿ ಬರೋಕೆ ಒಂದು ದಾರಿ, ಬಿಸಿಗಾಳಿ ಹೋಗೋಕೆ ಬೇರೇನೇ ದಾರಿ ಇರ್ಬೇಕು, ಹೊರಗೆ ಹೋದ ಬಿಸಿ ಮತ್ತೆ ಒಳಗೆ ಬರಬಾರ್ದು. ಆ ದಾರಿ ನೆಟ್ಟಗಿರದೇ ಒಂದೆರಡು ತಿರುವು ತಗೊಂಡ್ರೆ ಗಾಳಿ ಹೋಗುತ್ತೆ, ಸದ್ದು ಅಲ್ಲೇ ಉಳಿಯುತ್ತೆ. ಒಳಗೆ ಹಾಕೋದು ರಾಕ್‌ವೂಲ್ ತರದ ಬೆಂಕಿ ಹಿಡಿಯದ ವಸ್ತು ಆಗಿರ್ಬೇಕು. ಬಿಸಿ ಎಳೆಯೋಕೆ 140 ಎಂಎಂ ಅಗಲದ ದೊಡ್ಡ ಫ್ಯಾನ್ ನಿಧಾನಕ್ಕೆ ಓಡಿಸಿ, ಸೀಲಿಂಗ್ ಫ್ಯಾನು ಎಷ್ಟು ಗಾಳಿ ಕೊಟ್ರೂ ಸದ್ದಿಲ್ಲ, ಸಣ್ಣ ಟೇಬಲ್ ಫ್ಯಾನು ಅಷ್ಟೇ ಗಾಳಿಗೆ ಅರಚ್ಕೊಳುತ್ತೆ ಅಲ್ವಾ, ಅದೇ ಲೆಕ್ಕ. ಲೆನ್ಸಿನ ಮುಂದೆ ಮಾಮೂಲಿ ಗಾಜು ಹಾಕಿದ್ರೆ ಎರಡು ಮೈ ಸೇರಿ ಸುಮಾರು 8 ಪರ್ಸೆಂಟ್ ಬೆಳಕು ವಾಪಸ್ ಹೊಡೆಯುತ್ತೆ, ಆಂಟಿ ರಿಫ್ಲೆಕ್ಷನ್ ಗಾಜು ಸಿಕ್ರೆ ಒಳ್ಳೇದು. ಒಳಗೊಂದು ಥರ್ಮಾಮೀಟರ್ ಇಟ್ಟು ಮೊದಲ ವಾರ ಪಕ್ಕದಲ್ಲೇ ಕೂತು ನೋಡಿ. ಹಿಂದಿನ ರೂಮು ಖಾಲಿ ಇದ್ರೆ ಇನ್ನೂ ಸುಲಭ, ಹಳೇ ಟಾಕೀಸಲ್ಲಿ ಕ್ಯಾಬಿನ್ ಇರ್ತಿತ್ತಲ್ಲ, ಗೋಡೆಯಾಚೆ ಮಿಷನ್ನು, ಗೋಡೇಲಿ ಸಣ್ಣ ಗಾಜಿನ ಕಿಂಡಿ. ಅಲ್ಲಿ ಬೆಂಕಿ ಭಯಕ್ಕೆ ಮಾಡಿದ್ದು, ಸದ್ದೂ ಆಚೆಗೇ ಉಳೀತಿತ್ತು.

ಇನ್ನೊಂದು, ಪಿಚ್ಚರ್ ಮುಗಿದ್ಮೇಲೂ ಫ್ಯಾನ್ ಒಂದೆರಡು ನಿಮಿಷ ಓಡುತ್ತೆ, ಆ ಸದ್ದು ತಡೀಲಾರ್ದೆ ಗೋಡೆ ಸ್ವಿಚ್ ಆರಿಸಿಬಿಡ್ತಾರೆ. ದಯವಿಟ್ಟು ಬೇಡ, ಕಾದ ಲ್ಯಾಂಪ್ ಗಾಳಿಯಿಲ್ದೆ ಹಂಗೇ ಬೇಯುತ್ತೆ. ಬೇಸಿಗೇಲಿ ಕರೆಂಟ್ ಹೋದಾಗ್ಲೂ ಆಗೋದು ಇದೇ, ಒಂದು ಯುಪಿಎಸ್ ಇಟ್ಕೊಳ್ಳಿ.

ನಿಮ್ಮಲ್ಲಿ ಕೋರಿಕೆ ಇಷ್ಟೇ. ಇನ್ಮೇಲೆ ಪತ್ರಿಕೇಲಿ ಪ್ರೊಜೆಕ್ಟರ್ ಬಗ್ಗೆ ಬರೆದಾಗ ಲ್ಯುಮೆನ್ಸ್ ಪಕ್ಕದಲ್ಲೇ ಡೆಸಿಬಲ್ ಕೂಡ ಹಾಕಿ, ನಾರ್ಮಲ್‌ನಲ್ಲಿ ಎಷ್ಟು, ಇಕೋದಲ್ಲಿ ಎಷ್ಟು, ಎರಡೂ ಬೇರೆಬೇರೆ. ಕಂಪನಿಯವ್ರು ಎಷ್ಟೋ ಸಲ ಕಮ್ಮಿ ಇರೋ ಇಕೋ ನಂಬರನ್ನೇ ದಪ್ಪ ಅಕ್ಷರದಲ್ಲಿ ಹಾಕ್ತಾರೆ. ಅಂಗಡಿಯವ್ರೂ ಡೆಮೋ ಕೊಡುವಾಗ ಎರಡು ನಿಮಿಷ ಸ್ಪೀಕರ್ ಆಫ್ ಮಾಡಿ ತೋರ್ಸಲಿ. ಮನೇಲಿ ವಯಸ್ಸಾದೋರು, ಕಿವಿ ಮಂದ ಇರೋರು ಇದಾರೆ ಅಂದ್ರೆ ಆ ಎರಡು ನಿಮಿಷ ಕೇಳಿಸ್ಕೊಂಡೇ ದುಡ್ಡು ಕೊಡೋ ಹಂಗಾಗ್ಬೇಕು.

ಅಪ್ಪ ಈಗ ಮಿಷನ್ ಹಾಕ್ಕೊಂಡೇ ನೋಡ್ತಾರೆ, ಮೊನ್ನೆ ಪಿಚ್ಚರ್ ನಡುವೆ ಒಂದು ಡೈಲಾಗ್ ಬಂತು, ಪರದೆ ಮೇಲಿನೋರು ಮುಗಿಸೋಕ್ಕಿಂತ ಮೊದಲೇ ಇವ್ರು ಮುಗಿಸಿದ್ರು.

ಇತಿ,
ನಿಮ್ಮ ಓದುಗ, ದಾವಣಗೆರೆ