ಇಳಿದ ಮೇಲೆ ಯಾವ ಬಾಗಿಲು?

ಮಾನ್ಯ ಸಂಪಾದಕರೇ,

ಪ್ರವಾಸದ ಪುಟಗಳಲ್ಲಿ ಮಹಾನಗರಗಳ ಬಗ್ಗೆ ಬರುವ ಲೇಖನಗಳು ನೋಡಬೇಕಾದ ಜಾಗಗಳನ್ನು ಒಂದೊಂದಾಗಿ ಬಣ್ಣಿಸುತ್ತವೆ. ಅಲ್ಲಿಗೆ ಹೋಗುವ ಬಗೆ ಮಾತ್ರ 'ಮೆಟ್ರೊ, ಬಸ್ ಸೌಕರ್ಯ ಚೆನ್ನಾಗಿದೆ' ಎಂಬ ಒಂದೇ ಸಾಲಿಗೆ ಮುಗಿಯುತ್ತದೆ. ಹೊಸಬರ ಅರ್ಧ ದಿನ ಹಾಳಾಗುವುದು ಆ ಒಂದು ಸಾಲಿನೊಳಗೇ. ಓಡುವ ರೈಲಿನಲ್ಲಿ ಕುಳಿತು ಯಾರೂ ದಾರಿ ತಪ್ಪುವುದಿಲ್ಲ. ಎಡವಟ್ಟಾಗುವುದು ಹತ್ತುವಾಗ, ರೈಲು ಬದಲಿಸುವಾಗ, ಇಳಿದ ಮೇಲೆ.

ಇಳಿದ ಮೇಲಿನದನ್ನು ಮೊದಲು ಹೇಳುತ್ತೇನೆ, ಅದು ಬರವಣಿಗೆಯಲ್ಲಿ ಕಾಣುವುದೇ ಅಪರೂಪ. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. 'ಶಿಂಜುಕುವಿನಲ್ಲಿ ಇಳಿಯಿರಿ' ಎಂದಷ್ಟೇ ಬರೆಯುವುದು, ಊರ ಹೆಸರು ಹೇಳಿ ಮನೆಯ ವಿಳಾಸ ಕೊಡದ ಹಾಗೆ. ತಪ್ಪು ಬಾಗಿಲಿನಿಂದ ಹೊರಬಿದ್ದವರು ಹಳಿಗಳ ಆಚೆ ಬದಿಗೆ ಹೋಗಲು ದೊಡ್ಡ ಸುತ್ತು ಹಾಕಬೇಕಾಗಬಹುದು. ಆಗ ಫೋನೂ ಕೈಕೊಡುತ್ತದೆ. ನೆಲದಡಿಯಿಂದ ಮೇಲೆ ಬಂದ ಕೂಡಲೇ ಉಪಗ್ರಹದ ಸಂಕೇತ ಸರಿಯಾಗಿ ಸಿಕ್ಕಿರುವುದಿಲ್ಲ. ಸಿಕ್ಕರೂ, ಎತ್ತರದ ಗೋಡೆಗಳಿಗೆ ಬಡಿದು ಬಂದ ಸಂಕೇತ ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆಯನ್ನು ಪಕ್ಕದ ಬೀದಿಯಲ್ಲಿ ಕೂರಿಸಬಹುದು. ಸುತ್ತಲಿನ ಉಕ್ಕಿಗೆ ದಿಕ್ಸೂಚಿ ಬೇರೆಡೆ ತಿರುಗಬಹುದು. ಹಾಗಾಗಿ ಬಾಣ ನಂಬಿ ಹೊರಡಬಾರದು. ಎದುರಿಗಿರುವ ಬೀದಿಯ ನಾಮಫಲಕ ಓದಿ, ಅದೇ ಹೆಸರನ್ನು ನಕಾಶೆಯಲ್ಲಿ ಹುಡುಕಿ, ಆಮೇಲೆ ಹೆಜ್ಜೆ ಇಡಬೇಕು. ಟಿಕೆಟ್ ಗೇಟು ದಾಟುವ ಮುಂಚೆಯೇ ಗೋಡೆಯ ನಕಾಶೆ ನೋಡಿ ಬಾಗಿಲಿನ ಸಂಖ್ಯೆ ಗುರುತಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಂದು ಎಚ್ಚರ: ಇಂಥ ಎಷ್ಟೋ ನಕಾಶೆಗಳಲ್ಲಿ ಮೇಲ್ಭಾಗ ಉತ್ತರವಾಗಿರುವುದಿಲ್ಲ, ನೋಡುವವರು ಮುಖ ಮಾಡಿದ ದಿಕ್ಕಾಗಿರುತ್ತದೆ.

ಹತ್ತುವಾಗ ನೆನಪಿರಬೇಕಾದದ್ದು ಆ ದಿಕ್ಕಿನ ಕೊನೆಯ ನಿಲ್ದಾಣದ ಹೆಸರು. ಬಹುತೇಕ ಕಡೆ ಪ್ಲಾಟ್‌ಫಾರ್ಮಿನ ಫಲಕದ ಮೇಲೆ, ರೈಲಿನ ಹಣೆಯ ಮೇಲೆ ಬರೆದಿರುವುದು ಅದನ್ನೇ. ಮಾರ್ಗ ಕವಲೊಡೆಯುವ ಕಡೆ ಸರಿಯಾದ ಪ್ಲಾಟ್‌ಫಾರ್ಮಿಗೇ ತಪ್ಪು ರೈಲೂ ಬರುತ್ತದೆ. ನ್ಯೂಯಾರ್ಕಿನಲ್ಲಿ ಎಕ್ಸ್‌ಪ್ರೆಸ್ ಹತ್ತಿದವರು ತಾವು ಇಳಿಯಬೇಕಾದ ಸಣ್ಣ ನಿಲ್ದಾಣ ಕಿಟಕಿಯಾಚೆ ಹಾದುಹೋಗುವುದನ್ನು ನೋಡುತ್ತಾ ಕೂರಬೇಕು. ಅಲ್ಲಿನ ಹಲವು ನಿಲ್ದಾಣಗಳಲ್ಲಿ ಒಂದೊಂದು ದಿಕ್ಕಿಗೆ ಒಂದೊಂದು ಪ್ರವೇಶದ್ವಾರ. ತಪ್ಪಿ ಒಳಹೊಕ್ಕರೆ ರಸ್ತೆ ದಾಟಿ ಮತ್ತೆ ದುಡ್ಡು ತೆರಬೇಕು. '23ನೇ ಬೀದಿ' ಎಂಬ ಹೆಸರಿನ ನಿಲ್ದಾಣಗಳಂತೂ ಮ್ಯಾನ್‌ಹಟನ್‌ನಲ್ಲಿ ಬೇರೆ ಬೇರೆ ಮಾರ್ಗಗಳ ಮೇಲೆ ಐದಿವೆ. ಹೆಸರಿನ ಜೊತೆ ಮಾರ್ಗದ ಅಕ್ಷರವನ್ನೋ ಸಂಖ್ಯೆಯನ್ನೋ ಬರೆಯದಿದ್ದರೆ ಆ ಮಾಹಿತಿ ಯಾವ ಪ್ರಯೋಜನಕ್ಕೂ ಬಾರದು.

ರೈಲುಮಾರ್ಗದ ನಕ್ಷೆಯನ್ನು ನೆಲದ ನಕ್ಷೆಯೆಂದು ಭಾವಿಸುವುದು ಮತ್ತೊಂದು ತಪ್ಪು. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ಲಂಡನ್ ಮೆಟ್ರೊ ನಕ್ಷೆಯಲ್ಲಿ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ. ದೂರದ ಅಳತೆ ಇಲ್ಲ. ಜಗತ್ತಿನ ಎಷ್ಟೋ ಮೆಟ್ರೊ ನಕ್ಷೆಗಳು ಆ ಜಾಡನ್ನೇ ಹಿಡಿದಿವೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ನಿಲ್ದಾಣದಿಂದ ಕೋವೆಂಟ್ ಗಾರ್ಡನ್ ನಿಲ್ದಾಣಕ್ಕೆ 300 ಮೀಟರೂ ಇಲ್ಲ. ಮೆಟ್ಟಿಲಿಳಿದು, ರೈಲಿಗೆ ಕಾದು, ಮತ್ತೆ ಮೇಲೆ ಬರುವಷ್ಟರಲ್ಲಿ ನಡೆದೇ ತಲುಪಬಹುದು. ಒಂದೆರಡು ನಿಲ್ದಾಣಗಳ ಅಂತರವಿದ್ದರೆ, ಅದರಲ್ಲೂ ನಡುವೆ ರೈಲು ಬದಲಿಸಬೇಕಿದ್ದರೆ, ಮೊದಲು ನಡಿಗೆಯ ಸಮಯ ನೋಡಿಕೊಳ್ಳಬೇಕು.

ಬ್ಯಾಂಕ್ ಕಾರ್ಡು ತಾಗಿಸಿ ಪಯಣಿಸುವ ಕಡೆ ಗೊತ್ತಾಗದೆ ಹಣ ಸೋರುತ್ತದೆ. ಲಂಡನ್ನಿನ ಮೆಟ್ರೊದಲ್ಲಿ ಒಳಹೋಗುವಾಗ ಕಾರ್ಡು, ಹೊರಬರುವಾಗ ಅದೇ ಕಾರ್ಡು ತುಂಬಿಸಿದ ಫೋನು ತಾಗಿಸಿದರೆ ಯಂತ್ರ ಎರಡನ್ನೂ ಬೇರೆಯೆಂದೇ ಲೆಕ್ಕ ಹಿಡಿಯುತ್ತದೆ. ಎರಡು ಅಪೂರ್ಣ ಪ್ರಯಾಣಗಳಾಗಿ ಗರಿಷ್ಠ ದರ ಬೀಳುತ್ತದೆ. ಅಲ್ಲಿನ ಬಸ್ಸಿನಲ್ಲಿ ಹತ್ತುವಾಗ ತಾಗಿಸಿದರೆ ಸಾಕು. ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ. ದಿನದ ಪಾಸು ಕೊಳ್ಳುವ ಮುಂಚೆ ಅದರ ಬೆಲೆಯನ್ನು ಒಂದು ಸಾಮಾನ್ಯ ಪ್ರಯಾಣದ ದರದಿಂದ ಭಾಗಿಸಿ ನೋಡಬೇಕು. ಬರುವ ಸಂಖ್ಯೆಗಿಂತ ಹೆಚ್ಚು ಸಲ ಹತ್ತಿದರೆ ಮಾತ್ರ ಲಾಭ. ಮೂರು ಜಾಗ ನೋಡುವ ದಿನ ಐದಾರು ಪ್ರಯಾಣ ಆಗುವುದೇ ಕಷ್ಟ.

ಬಸ್ಸಿನಲ್ಲಿ ಹೋದವರಿಗೆ ವಾಪಸು ಬರುವಾಗ ತೊಡಕು. ಒಮ್ಮುಖ ರಸ್ತೆಗಳಿರುವ ಕಡೆ ಹಿಂದಿರುಗುವ ಬಸ್ಸಿನ ನಿಲ್ದಾಣ ಎದುರು ಬದಿಯಲ್ಲಿರದೆ ಸಮಾನಾಂತರವಾದ ಬೇರೊಂದು ಬೀದಿಯಲ್ಲಿರುತ್ತದೆ. ಇಳಿದ ತಕ್ಷಣವೇ ಅದು ಎಲ್ಲಿದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ತಿಳಿದುಕೊಂಡಿರಬೇಕು. ಭಾನುವಾರದ ವೇಳಾಪಟ್ಟಿ ಬೇರೆಯೇ ಇರುವುದುಂಟು.

ಇಷ್ಟನ್ನೆಲ್ಲ ಪ್ರತಿ ಲೇಖನದಲ್ಲೂ ಹೇಳಿ ಎಂದು ಕೇಳುತ್ತಿಲ್ಲ. ಪ್ರತಿ ಜಾಗದ ಹೆಸರಿನ ಕೆಳಗೆ ಮಾರ್ಗದ ಹೆಸರು, ಇಳಿಯುವ ನಿಲ್ದಾಣ, ಹೊರಬರುವ ಬಾಗಿಲಿನ ಸಂಖ್ಯೆ, ಅಲ್ಲಿಂದ ನಡೆಯಬೇಕಾದ ನಿಮಿಷ, ಇಷ್ಟನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿ. ಜಾಗ ಸಾಲದಿದ್ದರೆ ಸೂರ್ಯಾಸ್ತದ ಒಂದು ಫೋಟೊ ಕಡಿಮೆ ಮಾಡಬಹುದು.

ಇತಿ,
ನಿಮ್ಮ ಓದುಗ