ವಾರ್ಷಿಕ ಸಂಚಿಕೆ ರೂಪಿಸುವ ಮಕ್ಕಳಿಗೆ ಅಚ್ಚುಮನೆಯ ಮಾತು ತಿಳಿದಿರಲಿ

ಮಾನ್ಯ ಸಂಪಾದಕರೇ,

ಶಾಲೆಯ ವಾರ್ಷಿಕ ಸಂಚಿಕೆಯ ಹೊಣೆಯನ್ನು ಹಲವು ವರ್ಷ ಹೊತ್ತ ಶಿಕ್ಷಕಿ ನಾನು. ಪ್ರತಿ ಬಾರಿಯೂ ಸಂಪಾದಕ ಮಂಡಳಿಗೆ ಮಕ್ಕಳನ್ನು ಆರಿಸಿ, ಲೇಖನ ಮತ್ತು ಚಿತ್ರಗಳನ್ನು ಕಲೆಹಾಕುವ ಕೆಲಸವನ್ನು ಅವರಿಗೆ ಒಪ್ಪಿಸುತ್ತೇವೆ. ಆದರೆ ಆ ಸಾಮಗ್ರಿ ಪುಸ್ತಕವಾಗುವ ಹಾದಿಯಲ್ಲಿ ಬಳಕೆಯಾಗುವ ಹತ್ತಿಪ್ಪತ್ತು ಪದಗಳನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. ಮುದ್ರಣಾಲಯದವರು ‘ಎಷ್ಟು ಫಾರಂ, ಬ್ಲೀಡ್ ಬಿಟ್ಟಿದ್ದೀರಾ’ ಎಂದು ಕೇಳಿದಾಗ ಮಕ್ಕಳಷ್ಟೇ ಅಲ್ಲ, ಜೊತೆಗಿರುವ ನಾವು ಶಿಕ್ಷಕರೂ ಅರ್ಥವಾದವರಂತೆ ತಲೆಯಾಡಿಸಿ ಬಂದುಬಿಡುತ್ತೇವೆ. ಸಂಚಿಕೆಯಲ್ಲಿ ಉಳಿಯುವ ಎಷ್ಟೋ ತಪ್ಪುಗಳು ಅಲ್ಲಿಂದಲೇ ಹುಟ್ಟುತ್ತವೆ ಎಂಬುದನ್ನು ನಾನು ಅನುಭವದಿಂದ ಕಲಿತಿದ್ದೇನೆ.

ಒಂದು ವರ್ಷ ಕೊನೆಯ ತರಗತಿಯ ಗುಂಪುಚಿತ್ರವನ್ನು ಎದುರುಬದುರಿನ ಎರಡು ಪುಟಗಳಿಗೂ ಹರಡುವಂತೆ ಇರಿಸಿದ್ದೆವು. ಪರದೆಯ ಮೇಲೆ ಅದು ಬಹಳ ಚೆನ್ನಾಗಿ ಕಂಡಿತ್ತು. ಪುಸ್ತಕ ಕೈಗೆ ಬಂದಾಗ ನಡುವೆ ನಿಂತಿದ್ದ ಹುಡುಗಿಯ ಮುಖ ಹೊಲಿಗೆಯ ಸಂದಿಯಲ್ಲಿ ಅರ್ಧ ಮುಚ್ಚಿಹೋಗಿತ್ತು. ಆಕೆ ಏನೂ ಹೇಳಲಿಲ್ಲ. ಪುಟವನ್ನು ಮತ್ತೆ ಮತ್ತೆ ಅಗಲಿಸಿ ನೋಡುತ್ತಿದ್ದಳು. ಹೀಗೆ ಒಟ್ಟಿಗೆ ತೆರೆದುಕೊಳ್ಳುವ ಎರಡು ಪುಟಗಳನ್ನು ಜೋಡಿಪುಟವೆಂದೂ, ಅವು ಸೇರುವ ಒಳ ಅಂಚನ್ನು ಗಟರ್ ಎಂದೂ ಕರೆಯುತ್ತಾರೆ. ಗಟರ್‌ನಲ್ಲಿ ಮುಖವಾಗಲಿ ಅಕ್ಷರವಾಗಲಿ ಬೀಳಬಾರದು ಎಂಬ ಒಂದು ಮಾತು ಅಂದು ನಮಗೆ ಗೊತ್ತಿದ್ದರೆ ಆ ಮಗುವಿಗೆ ಆ ನೋವು ಆಗುತ್ತಿರಲಿಲ್ಲ.

ಫಾರಂ ಎಂಬುದನ್ನೂ ಆ ಬಳಿಕವೇ ನಾನು ಕೇಳಿ ತಿಳಿದದ್ದು. ದೊಡ್ಡ ಹಾಳೆಯ ಒಂದೊಂದು ಬದಿಗೆ ಎಂಟೆಂಟು ಪುಟಗಳನ್ನು ಅಚ್ಚುಹಾಕಿ ಮಡಿಸಿದರೆ 16 ಪುಟಗಳ ಒಂದು ಫಾರಂ ಆಗುತ್ತದೆ. ಸಾಮಗ್ರಿ 70 ಪುಟಗಳಾಯಿತೆಂದರೆ ನಾಲ್ಕು ಫಾರಂ ತುಂಬಿ ಆರು ಪುಟ ಮಿಗುತ್ತವೆ. ಆಗ ಅರ್ಧ ಫಾರಂ ಸೇರಿಸಿ 72ಕ್ಕೆ ಏರಬೇಕು, ಇಲ್ಲವೇ 64ಕ್ಕೆ ಇಳಿಯಬೇಕು. ಇದನ್ನು ಅರಿಯದ ಸಂಪಾದಕ ಮಂಡಳಿಯು ಕೊನೆಯ ವಾರದಲ್ಲಿ ಯಾವುದೋ ಮಗುವಿನ ಕವಿತೆಯನ್ನು ಕಿತ್ತುಹಾಕುತ್ತದೆ. ಯಾವ ಪುಟದಲ್ಲಿ ಏನು ಬರಬೇಕೆಂಬ ಡಮ್ಮಿಯನ್ನು ಮೊದಲೇ ಬರೆದಿಟ್ಟುಕೊಂಡರೆ ಆ ಪ್ರಮೇಯವೇ ಬರುವುದಿಲ್ಲ. ಹೊಲಿದು ಕಟ್ಟುವ ಪುಸ್ತಕದಲ್ಲಿ ಪ್ರತಿ ಫಾರಂನ ನಟ್ಟನಡುವಿನ ಎರಡು ಪುಟಗಳು, ಅಂದರೆ 8–9, 24–25, ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಇರುತ್ತವೆ. ಅಗಲವಾದ ಚಿತ್ರ ಹಾಕಲೇಬೇಕೆಂದಿದ್ದರೆ ಆ ಜಾಗವೇ ಸೂಕ್ತ.

ಬ್ಲೀಡ್ ಎಂದರೆ ಪುಟದ ಅಂಚಿನವರೆಗೂ ಬರುವ ಚಿತ್ರವನ್ನು ಕತ್ತರಿಸುವ ಗೆರೆಗಿಂತ ಸಾಮಾನ್ಯವಾಗಿ 3 ಮಿ.ಮೀ. ಹೊರಗೆ ಚಾಚುವುದು, ಅದಿಲ್ಲದಿದ್ದರೆ ಕತ್ತರಿ ಸ್ವಲ್ಪ ಸರಿದರೂ ಅಂಚಿನಲ್ಲಿ ಬಿಳಿಗೆರೆ ಉಳಿಯುತ್ತದೆ. ಮುದ್ರಣಕ್ಕೆ ಚಿತ್ರವು ಅಂಗುಲಕ್ಕೆ 300 ಪಿಕ್ಸೆಲ್‌ನಷ್ಟು ಇರಬೇಕು. ಹತ್ತು ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,200 ಪಿಕ್ಸೆಲ್ ಬೇಕಾಗುವುದರಿಂದ, ಮೊಬೈಲ್ ಸಂದೇಶದಲ್ಲಿ ಕುಗ್ಗಿ ಬಂದ ಚಿತ್ರಗಳು ಪರದೆಯ ಮೇಲೆ ಎಷ್ಟೇ ಹೊಳೆದರೂ ಕಾಗದದ ಮೇಲೆ ಮಸುಕಾಗುತ್ತವೆ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಅಡಿಬರಹ. ‘ಬಹುಮಾನ ಸ್ವೀಕರಿಸುತ್ತಿರುವ ವಿದ್ಯಾರ್ಥಿನಿ’ ಎಂದು ಬರೆದರೆ ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳಿದಂತಾಯಿತು. ಆಕೆ ಯಾರು, ಯಾವ ಸ್ಪರ್ಧೆ, ಎಂದು ನಡೆಯಿತು ಎಂಬ ಮೂರು ಸಂಗತಿಗಳಾದರೂ ಅಲ್ಲಿರಬೇಕು. ಗುಂಪುಚಿತ್ರವಾದರೆ ಸಾಲುಸಾಲಾಗಿ, ಎಡದಿಂದ ಬಲಕ್ಕೆ, ಒಬ್ಬರನ್ನೂ ಬಿಡದೆ ಹೆಸರು ಕೊಡಬೇಕು. ಇಪ್ಪತ್ತು ವರ್ಷ ಕಳೆದ ಮೇಲೆ ಈ ಪುಸ್ತಕವನ್ನು ತೆರೆಯುವವರು ಹುಡುಕುವುದು ಹೆಸರುಗಳನ್ನೇ. ಕೊನೆಯಲ್ಲಿ ಎಲ್ಲ ಮಕ್ಕಳ ಹೆಸರುಗಳ ಅಕಾರಾದಿ ಪಟ್ಟಿಯನ್ನು ಪುಟಸಂಖ್ಯೆಗಳೊಂದಿಗೆ ಕೊಡುವುದು ಒಳ್ಳೆಯ ಪದ್ಧತಿ. ಅದನ್ನು ಕರಡಿನ ಹಂತದಲ್ಲೇ ತಯಾರಿಸಿದರೆ ಯಾವ ಮಗು ಹತ್ತು ಕಡೆ ಬಂದಿದೆ, ಯಾವ ಮಗು ತರಗತಿಯ ಚಿತ್ರವೊಂದನ್ನು ಬಿಟ್ಟು ಬೇರೆಲ್ಲೂ ಇಲ್ಲ ಎಂಬುದು ಕಣ್ಣಿಗೆ ರಾಚುತ್ತದೆ. ಭಾಷಣ ಮಾಡುವವರು, ಓಟದಲ್ಲಿ ಗೆಲ್ಲುವವರು ಹೇಗೂ ಪುಸ್ತಕದಲ್ಲಿ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂರುವ ಮಗುವಿಗೂ ಒಂದು ಪುಟ ಸಿಗಬೇಕಾದರೆ ಆ ಪಟ್ಟಿಯನ್ನು ಯಾರಾದರೂ ಮೊದಲೇ ನೋಡಬೇಕು.

ಕರಡು ತಿದ್ದುವಾಗ ಒಬ್ಬರು ಹೆಸರುಗಳನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಹಾಜರಿ ಪುಸ್ತಕದೊಡನೆ ಹೋಲಿಸುವುದು ನಾವು ಕಂಡುಕೊಂಡ ಉಪಾಯ. ಕನ್ನಡದ ಪುಟಗಳಲ್ಲಿ ಇನ್ನೊಂದು ಎಚ್ಚರವೂ ಬೇಕು. ಸಾಲುಗಳ ನಡುವಿನ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಒಂದು ಫಾಂಟ್‌ನಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತುಗಳೂ ಅರ್ಕಾವತ್ತೂ ಚದುರುವುದುಂಟು. ಹಾಗಾಗಿ ಬೆರಳಚ್ಚಿನ ಪ್ರತಿಯನ್ನು ತಿದ್ದಿದರೆ ಸಾಲದು, ಪುಟವಿನ್ಯಾಸವಾದ ಬಳಿಕ ಇನ್ನೊಮ್ಮೆ ಓದಲೇಬೇಕು.

ತಮ್ಮ ಪತ್ರಿಕೆಯಲ್ಲಿ ಪ್ರತಿದಿನ ಪುಟ ಕಟ್ಟುವ ಅನುಭವಿಗಳಿದ್ದಾರೆ. ವಿದ್ಯಾರ್ಥಿಗಳಿಗಾಗಿ ಮೀಸಲಿಟ್ಟ ಪುಟದಲ್ಲಿ ವಾರಕ್ಕೆ ನಾಲ್ಕೈದು ಪದಗಳಂತೆ, ಒಂದೊಂದಕ್ಕೂ ಪುಟ್ಟ ರೇಖಾಚಿತ್ರದೊಡನೆ ಅವರು ವಿವರಿಸಿದರೆ ಸಂಪಾದಕ ಮಂಡಳಿಯ ಮಕ್ಕಳು ಅದನ್ನು ಕತ್ತರಿಸಿ ಇಟ್ಟುಕೊಂಡಾರು. ಶಾಲೆಗಳು ಸಂಚಿಕೆಯ ಕೆಲಸ ಆರಂಭಿಸುವ ಮುನ್ನವೇ ಅದು ಪ್ರಕಟವಾಗಲಿ ಎಂದು ವಿನಂತಿಸುತ್ತೇನೆ.

ಇಂತಿ,
ವಾರ್ಷಿಕ ಸಂಚಿಕೆಯ ಹೊಣೆ ಹೊತ್ತ ಶಿಕ್ಷಕಿ