ಕಾರ್ಖಾನೆಯ ಸದ್ದು ಹೀಗಿರುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಥ್ರಾಬಿಂಗ್ ಗ್ರಿಸಲ್ ಎಂಬ ಇಂಗ್ಲೆಂಡಿನ ಗುಂಪಿನ ‘ದಿ ಸೆಕೆಂಡ್ ಆನ್ಯುಯಲ್ ರಿಪೋರ್ಟ್’ ಆಲ್ಬಂ ಬಗ್ಗೆ ಕೇಳುಗರ ಅಭಿಪ್ರಾಯ ಹಾಕಿದ್ದೀರಿ. 1977ರ ಇಂಥ ಆಲ್ಬಂಗೆ ಕನ್ನಡ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಖುಷಿ. ಆದರೆ ಓದುತ್ತಾ ಓದುತ್ತಾ ಬೇಜಾರೂ ಆಯಿತು. ಬೈದವರೂ ಹೊಗಳಿದವರೂ ಸೇರಿ ಹೇಳಿದ್ದು ಒಂದೇ ಮಾತು: ಇದು ಕಾರ್ಖಾನೆಯ ಸದ್ದು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹೋಗಿ ನಿಂತರೆ ಇದೇ ಸಂಗೀತ ಪುಕ್ಕಟೆ ಸಿಗುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಯಂತ್ರದ ಎದೆಬಡಿತವನ್ನು ಹಿಡಿದು ಕೊಟ್ಟಿದ್ದಾರೆ ಎಂದು ಇನ್ನೊಬ್ಬರು.

ನಾನು ಚಿಂಚವಾಡದವಳು. ಹುಟ್ಟೂರು ಗದಗದ ಕಡೆ. ಡಿಪ್ಲೊಮಾ ಮುಗಿಸಿ ಇಲ್ಲಿಗೆ ಬಂದೆ. ನಿವೃತ್ತಿಯವರೆಗೂ ಗೇರ್‌ಬಾಕ್ಸ್ ಮಾಡುವ ಕಾರ್ಖಾನೆಯಲ್ಲಿ ಸದ್ದು ಪರೀಕ್ಷಿಸುವ ಕೆಲಸ ಮಾಡಿದೆ. ನನ್ನ ಸಂಬಳ ಬಂದದ್ದು ಈ ಎರಡು ಕಿವಿಗಳಿಂದ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಈ ಆಲ್ಬಂನಲ್ಲಿ ಕಾರ್ಖಾನೆ ಇಲ್ಲ.

ನಿಜವಾದ ಯಂತ್ರದ ಸದ್ದಿಗೆ ಲೆಕ್ಕ ಇರುತ್ತದೆ. 30 ಹಲ್ಲಿನ ಗೇರು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 25 ಸುತ್ತು ಆಯಿತು. ಒಂದೊಂದು ಸುತ್ತಿಗೆ 30 ಹಲ್ಲು ಎದುರಿನ ಗೇರಿಗೆ ತಾಗುತ್ತವೆ. ಅಂದರೆ ಸೆಕೆಂಡಿಗೆ 750 ಸಲ. ಅಷ್ಟಾದರೆ ಅದು ಕಟಕಟ ಅನ್ನುವುದಿಲ್ಲ, ಒಂದು ದನಿಯಾಗಿಬಿಡುತ್ತದೆ. ಅದರ ಹತ್ತಿರದ ಸ್ವರ ನಿಮಗೆ ಹಾರ್ಮೋನಿಯಂನಲ್ಲೂ ಸಿಗುತ್ತದೆ. ವೇಗ ಏರಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಒಂದೇ ಒಂದು ಹಲ್ಲಿಗೆ ಪೆಟ್ಟು ಬಿದ್ದಿದ್ದರೆ ಆ ದನಿಯ ಮೇಲೆ ಸುತ್ತಿಗೊಂದು ಟಿಕ್ ಕೇಳುತ್ತದೆ. ಬೇರಿಂಗ್ ಕೆಟ್ಟಿದ್ದರೆ ಒಳಗೆಲ್ಲೋ ಮರಳು ಅರೆದಂತೆ. ಅನುಮಾನ ಬಂದಾಗ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಕೂತ ಜಾಗಕ್ಕೆ ಒತ್ತಿ, ಅದರ ಹಿಡಿಗೆ ಕಿವಿ ಕೊಡುತ್ತಿದ್ದೆವು. ಸುತ್ತಲಿನ ಗಲಾಟೆಯೆಲ್ಲ ಹಿಂದೆ ಸರಿದು ಒಳಗಿನದ್ದು ಮಾತ್ರ ಕೇಳುತ್ತಿತ್ತು. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ವಾರ ಎಲ್ಲವೂ ಒಂದೇ ಗದ್ದಲ. ತಿಂಗಳು ಕಳೆಯುವಷ್ಟರಲ್ಲಿ ಯಾವ ಗೇರ್‌ಬಾಕ್ಸ್ ವಾಪಸ್ ಕಳಿಸಬೇಕು ಅಂತ ಅವರೇ ಹೇಳುತ್ತಿದ್ದರು.

ಈ ಆಲ್ಬಂನಲ್ಲಿ ಅಂಥದ್ದು ಯಾವುದೂ ಇಲ್ಲ. ಇರುವುದು ನಾಲ್ಕು ಜನ. ಜೆನೆಸಿಸ್ ಪಿ-ಆರಿಜ್ ಹಾಡು ಮತ್ತು ಬೇಸ್ ಗಿಟಾರ್. ಕೋಸಿ ಫ್ಯಾನಿ ಟುಟ್ಟಿ ಗಿಟಾರ್. ಪೀಟರ್ ಕ್ರಿಸ್ಟೊಫರ್ಸನ್ ಮುದ್ರಿಸಿಟ್ಟ ಸದ್ದಿನ ಟೇಪುಗಳು. ಕ್ರಿಸ್ ಕಾರ್ಟರ್ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್. ಈ ಕಾರ್ಟರ್ ತನ್ನ ಸಲಕರಣೆ ತಾನೇ ಬೆಸುಗೆ ಹಾಕಿ ಮಾಡಿಕೊಳ್ಳುತ್ತಿದ್ದ ಮನುಷ್ಯ. ನನಗೆ ಅವನ ಮೇಲೆ ಜಾಸ್ತಿ ಅಭಿಮಾನ. ಲಂಡನ್ನಿನ ಹ್ಯಾಕ್ನಿಯಲ್ಲಿ ಒಂದು ಹಳೇ ಕಾರ್ಖಾನೆ ಕಟ್ಟಡದ ನೆಲಮಾಳಿಗೆ ಅವರ ಸ್ಟುಡಿಯೊ. ಅಲ್ಲಿ ಯಂತ್ರ ಓಡುತ್ತಿರಲಿಲ್ಲ. ಗಿಟಾರನ್ನೂ ಗಂಟಲನ್ನೂ ವೈರುಗಳ ಮೂಲಕ ಹಾಯಿಸಿ, ಗುರುತು ಸಿಗದಷ್ಟು ಬದಲಾಯಿಸುತ್ತಿದ್ದರು. ನೀವು ಯಂತ್ರ ಅಂದುಕೊಂಡದ್ದು ಎಷ್ಟೋ ಕಡೆ ಮನುಷ್ಯರ ದನಿ ಮತ್ತು ತಂತಿ.

ಹಾಗಾದರೆ ಈ ಬಗೆಯ ಸಂಗೀತಕ್ಕೆ ಇಂಡಸ್ಟ್ರಿಯಲ್, ಅಂದರೆ ಕೈಗಾರಿಕೆಯದ್ದು, ಎನ್ನುವ ಹೆಸರು ಯಾಕೆ ಬಂತು? ಅವರು ತಮ್ಮದೇ ರೆಕಾರ್ಡ್ ಕಂಪನಿ ಮಾಡಿಕೊಂಡರು, ಅದಕ್ಕೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟರು. ಹಾಡೂ ಸೋಪಿನ ಥರ ತಯಾರಾಗಿ ಮಾರಾಟವಾಗುವ ಸರಕಾಗಿದೆ, ಅದನ್ನು ಮುಚ್ಚಿಡುವುದು ಬೇಡ ಎನ್ನುವುದು ಅವರ ನಿಲುವು. ಅದಕ್ಕೇ ಮೊದಲ ಎಲ್‌ಪಿಗೆ ಎರಡನೇ ವಾರ್ಷಿಕ ವರದಿ ಎಂಬ ಹೆಸರು. ಹೊದಿಕೆ ಬರೀ ಬಿಳಿ, ಮೇಲೊಂದು ಅಂಟಿಸಿದ ಚೀಟಿ, ಆಫೀಸಿನ ಕಡತದ ಹಾಗೆ. ಮೊದಲು ಅಚ್ಚಾದದ್ದು 785 ಪ್ರತಿ. ಅಷ್ಟೇ.

ನಿಮ್ಮ ಕೇಳುಗರಲ್ಲಿ ಇಬ್ಬರು ‘ಒಂದೇ ಹಾಡನ್ನು ಮತ್ತೆ ಮತ್ತೆ ತುರುಕಿದ್ದಾರೆ, ಮೋಸ’ ಎಂದಿದ್ದಾರೆ. ಮಾತು ನಿಜ. ಮೊದಲ ಬದಿಯಲ್ಲಿ ‘ಸ್ಲಗ್ ಬೇಟ್’ ಮೂರು ಸಲ ಬರುತ್ತದೆ, ‘ಮ್ಯಾಗಟ್ ಡೆತ್’ ನಾಲ್ಕು ಸಲ. ಲಂಡನ್ನಿನ ಐಸಿಎ ಎಂಬ ಕಲಾಕೇಂದ್ರ, ಸೌತಾಂಪ್ಟನ್, ಬ್ರೈಟನ್ ಹೀಗೆ ಬೇರೆ ಬೇರೆ ಊರಿನಲ್ಲಿ ನುಡಿಸಿದ್ದು, ನಡುವೆ ಸ್ಟುಡಿಯೊದ್ದು ಒಂದು. ನನ್ನ ಪ್ರಕಾರ ಈ ಆಲ್ಬಂನ ಅಸಲಿ ರುಚಿ ಇರುವುದು ಇಲ್ಲೇ. ನಾವೂ ಒಂದೇ ಗೇರ್‌ಬಾಕ್ಸನ್ನು ಭಾರ ಹಾಕಿ, ಭಾರ ತೆಗೆದು, ತಣ್ಣಗಿದ್ದಾಗ, ಬಿಸಿಯಾದ ಮೇಲೆ ಓಡಿಸಿ ಕೇಳುತ್ತಿದ್ದೆವು. ಏನು ಬದಲಾಯಿತು, ಏನು ಹಾಗೇ ಉಳಿಯಿತು ಎಂಬುದೇ ಪರೀಕ್ಷೆ. ಒಂದು ಊರಿನ ಪ್ರತಿಯಲ್ಲಿ ಸಭೆಯ ಗದ್ದಲವೂ ಟೇಪಿಗೆ ಬಿದ್ದಿದೆ. ಇನ್ನೊಂದರಲ್ಲಿ ದನಿ ಹಿಂದೆ ಬಿದ್ದು ಗುಂಯ್ ಎನ್ನುವುದು ಮುಂದೆ ಬರುತ್ತದೆ. ಸ್ಟುಡಿಯೊದ್ದನ್ನು ಮೊದಲು ಕೇಳಿ, ಆಮೇಲೆ ಉಳಿದವು. ಜಾಗಕ್ಕೆ ತಕ್ಕ ಹಾಗೆ ಹಾಡು ಎಷ್ಟು ಬೇರೆಯಾಗುತ್ತದೆ ಅಂತ ಗೊತ್ತಾಗುತ್ತದೆ.

ಎಲ್ಲವನ್ನೂ ಸಮರ್ಥಿಸಲು ನಾನು ಹೊರಟಿಲ್ಲ. ‘ಸ್ಲಗ್ ಬೇಟ್’ನ ಮಾತುಗಳು ಕೊಲೆಯ ವರ್ಣನೆ, ಅದೂ ಹೊಟ್ಟೆ ತೊಳಸುವಂಥದ್ದು. ಮಕ್ಕಳಿರುವ ಮನೆಯಲ್ಲಿ ಹಾಕಬೇಡಿ. ನನಗೆ ಆ ಸಾಲುಗಳು ಇವತ್ತಿಗೂ ಇಷ್ಟವಿಲ್ಲ. ಪೇಪರಿನಲ್ಲಿ ಬರುವ ಕ್ರೌರ್ಯವನ್ನೇ ತೋರಿಸುತ್ತಿದ್ದೇವೆ ಎಂದು ಹೇಳಿಬಿಟ್ಟರೆ ಸಾಲದು, ಸತ್ತವರ ಕಡೆಯಿಂದಲೂ ಒಂದು ಮಾತು ಬೇಕಿತ್ತು. ಈ ಆಕ್ಷೇಪವನ್ನು ನಿಮ್ಮ ಕೇಳುಗರಲ್ಲಿ ಒಬ್ಬರೂ ಎತ್ತಿಲ್ಲ ಎನ್ನುವುದೇ ನನಗೆ ಆಶ್ಚರ್ಯ. ಮಾತು ಕೇಳಿಸಿಕೊಂಡಿದ್ದರೆ ಎತ್ತುತ್ತಿದ್ದರು ಅಲ್ವಾ?

ಕೇಳದೆ ತೀರ್ಪು ಕೊಡುವುದು ಆಗಲೂ ಇತ್ತು. 1976ರ ಅಕ್ಟೋಬರಿನಲ್ಲಿ ಇದೇ ಗುಂಪಿನವರು ಐಸಿಎದಲ್ಲಿ ಪ್ರದರ್ಶನ ಇಟ್ಟಾಗ ನಿಕೋಲಸ್ ಫೇರ್‌ಬೇರ್ನ್ ಎಂಬ ಸಂಸದರು ಇವರನ್ನು ನಾಗರಿಕತೆ ಕೆಡವುವವರು ಎಂದು ಜರೆದರು. ಪತ್ರಿಕೆಗಳು ಅದನ್ನು ಎತ್ತಿ ಮೆರೆಸಿದವು. ಗಿಟಾರ್ ಹೇಗಿತ್ತು, ದನಿ ಹೇಗಿತ್ತು ಎಂಬ ಮಾತು ಆ ಗಲಾಟೆಯಲ್ಲಿ ಮುಳುಗಿತು.

ಕಬ್ಬಿಣದ ಸದ್ದೇ ಬೇಕು ಎನ್ನುವವರಿಗೆ ಪಶ್ಚಿಮ ಬರ್ಲಿನ್ನಿನ ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟನ್ ಎಂಬ ಗುಂಪಿನವರು ಇದ್ದಾರೆ. 1981ರ ‘ಕೊಲಾಪ್ಸ್’ ಆಲ್ಬಂನಲ್ಲಿ ತಗಡು, ಗುಜರಿ ಲೋಹ ಬಡಿದೇ ನುಡಿಸಿದ್ದಾರೆ. ಇಂಗ್ಲೆಂಡಿನ ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ಕ್ಯಾಬರೆ ವೋಲ್ಟೇರ್ ಎಂಬ ಗುಂಪು 1973ರಲ್ಲೇ ಟೇಪುಗಳ ಜೊತೆ ಕೆಲಸ ಶುರು ಮಾಡಿತ್ತು. ಅದರಲ್ಲಿದ್ದ ಕ್ರಿಸ್ ವಾಟ್ಸನ್ ಮುಂದೆ ಹಕ್ಕಿ, ಪ್ರಾಣಿಗಳ ದನಿ ಹಿಡಿಯುವವರಾದರು. ಡೇವಿಡ್ ಅಟೆನ್‌ಬರೋ ಅವರ ವನ್ಯಜೀವಿ ಟಿವಿ ಕಾರ್ಯಕ್ರಮಗಳಲ್ಲಿ ಅವರು ಹಿಡಿದ ದನಿಗಳಿವೆ. ಗದ್ದಲದಲ್ಲಿ ಕೂತು ಕಿವಿ ಪಳಗಿಸಿಕೊಂಡವರು ಕಾಡಿನಲ್ಲೂ ಚೆನ್ನಾಗಿಯೇ ಕೇಳುತ್ತಾರೆ ಎಂದು ನನಗೆ ಪೂರ್ತಿ ನಂಬಿಕೆ.

ಇನ್ನೊಂದು ವಿಷಯ. ಹೆಚ್ಚಿನವರು ಇದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿದ ಹಾಗೆ ಕಾಣುತ್ತದೆ. ಅಷ್ಟು ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ದನಿ ಬರುವುದೇ ಇಲ್ಲ, ಮೇಲಿನ ಕರಕರ ಮಾತ್ರ ಉಳಿಯುತ್ತದೆ. ಈ ಆಲ್ಬಂ ನಿಂತಿರುವುದೇ ತಗ್ಗಿನ ಗುಂಯ್ ಮೇಲೆ. ಅದನ್ನು ಕಿತ್ತುಹಾಕಿ ಕೇಳಿದರೆ ಮಿಕ್ಸಿಯ ಸದ್ದಿನ ಹಾಗೆ ಅನಿಸುವುದು ಸಹಜ.

ಮುಂದೆ ಇಂಥ ಅಭಿಪ್ರಾಯ ತರಿಸುವಾಗ ದಯವಿಟ್ಟು ಎರಡು ಸಂಗತಿ ಕೇಳಿ ಹಾಕಿ: ಯಾವುದರಲ್ಲಿ ಕೇಳಿದರು, ಎಲ್ಲಿಯವರೆಗೆ ಕೇಳಿದರು. ಸುಮ್ನೆ ‘ಅದ್ಭುತ’, ‘ದರಿದ್ರ’ ಎಂದು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಎರಡನೇ ಬದಿಯಲ್ಲಿ ಸುಮಾರು 20 ನಿಮಿಷದ ಒಂದೇ ತುಣುಕು ಇದೆ, ‘ಆಫ್ಟರ್ ಸೀಸ್ ಟು ಎಗ್ಸಿಸ್ಟ್’. ಒಂದು ಸಿನಿಮಾಕ್ಕೆ ಮಾಡಿದ್ದು. ಬಡಿತ ಇಲ್ಲ, ಅವಸರ ಇಲ್ಲ, ಇಡೀ ಆಲ್ಬಂನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಅದು. ನೀವು ಪ್ರಕಟಿಸಿದ ಅಭಿಪ್ರಾಯಗಳಲ್ಲಿ ಅದರ ಹೆಸರೇ ಇಲ್ಲ. ಅದನ್ನು ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದವರು ಯಾರಾದರೂ ಇದ್ದರೆ ಬರೆಯಲಿ. ಇಷ್ಟವಾಗದಿದ್ದರೂ ಸರಿ, ಎಷ್ಟನೇ ನಿಮಿಷದಲ್ಲಿ ಬೇಸರ ಬಂತು ಎಂದಾದರೂ ಬರೆಯಲಿ. ನಾನು ಉತ್ತರ ಬರೆಯುತ್ತೇನೆ.

ಇತಿ,
ನಿವೃತ್ತ ಗೇರ್ ತಪಾಸಣೆಗಾರ್ತಿ,
ಚಿಂಚವಾಡ, ಪುಣೆ